ಉದ್ಯಮಿಯಾಗಲು ಬೇಕಾದ ಗುಣಗಳು

ಪದವಿ ಮುಗಿದ ಮೇಲೆ ಏನು ಮಾಡುವಿರಿ ಎಂದು ನಮ್ಮ ತರಗತಿಯಲ್ಲಿ ಯಾರನ್ನು ಕೇಳಿದರೂ ದೊರೆಯುವ ಉತ್ತರ ಒಂದೇ ಬಗೆಯದು: ಪರೀಕ್ಷೆ ಬರೆಯುತ್ತೇವೆ. ಎಫ್.ಡಿ.ಎ., ಎಸ್.ಡಿ.ಎ., ಪಿ.ಎಸ್.ಐ., ಶಿಕ್ಷಕರ ನೇಮಕಾತಿ, ಹೀಗೆ ಪಟ್ಟಿ ಬೆಳೆಯುತ್ತದೆ. ಇದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆ ಅರ್ಜಿಗಳನ್ನು ತುಂಬಿದವರಲ್ಲಿ ನಾನೂ ಒಬ್ಬ. ಆದರೆ ಸ್ವಂತ ಉದ್ಯಮವೆಂಬ ಮಾತು ಬಂದೊಡನೆ ನಮ್ಮಲ್ಲನೇಕರು ನಕ್ಕು ಬಿಡುತ್ತಾರೆ. ಅದಕ್ಕೆ ಎದೆಗಾರಿಕೆ ಬೇಕು, ಕೈತುಂಬ ದುಡ್ಡು ಬೇಕು, ವ್ಯಾಪಾರಸ್ಥರ ಮನೆಯಲ್ಲಿ ಹುಟ್ಟಿರಬೇಕು, ಬಿ.ಎ. ಓದಿದವರಿಗೆ ಅದು ಒಗ್ಗುವುದಿಲ್ಲ ಎಂಬುದು ಎಲ್ಲರೂ ಒಪ್ಪಿಕೊಂಡಿರುವ ಮಾತು. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ದಾವಣಗೆರೆ ಹರಿಹರಗಳ ನಿದರ್ಶನಗಳಿಂದಲೇ ವಿಚಾರಿಸಿ ನೋಡಬಹುದೆಂದು ತೋರಿದ್ದರಿಂದ ಈ ಲೇಖನವನ್ನು ಬರೆಯಲು ತೊಡಗಿದ್ದೇನೆ.

ಮೊದಲು ಉದ್ಯಮಿ ಯಾರು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ದೊಡ್ಡ ಕಾರ್ಖಾನೆಯ ಒಡೆಯನೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಅರ್ಥಶಾಸ್ತ್ರದಲ್ಲಿ ಈ ಶಬ್ದಕ್ಕೆ ಮೊದಲು ಖಚಿತವಾದ ಅರ್ಥ ಕೊಟ್ಟವನು ರಿಚರ್ಡ್ ಕ್ಯಾಂಟಿಲನ್. ಐರ್ಲೆಂಡಿನಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ಲೇವಾದೇವಿ ನಡೆಸಿದ ಈತನ ಪುಸ್ತಕ ಅಚ್ಚಾದುದು ಅವನು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1755ರಲ್ಲಿ. ಅವನ ವಿವರಣೆಯ ತಾತ್ಪರ್ಯ ಇಷ್ಟೆ: ಗೊತ್ತಿರುವ ಬೆಲೆಗೆ ಕೊಂಡು, ಗೊತ್ತಿಲ್ಲದ ಬೆಲೆಗೆ ಮಾರಲು ಹೊರಡುವವನು ಉದ್ಯಮಿ. ಸಂಬಳದವನಿಗೆ ತಿಂಗಳ ಕೊನೆಯಲ್ಲಿ ಎಷ್ಟು ಬರುತ್ತದೆಂಬುದು ತಿಳಿದಿದೆ. ಉದ್ಯಮಿಗೆ ಎಷ್ಟು ಹೋಗುತ್ತದೆಂಬುದು ಮಾತ್ರ ತಿಳಿದಿದೆ. ಈ ಲೆಕ್ಕದಲ್ಲಿ ಗಿರಣಿಯ ಮಾಲೀಕನೂ ಉದ್ಯಮಿಯೇ, ಸಂಜೆ ತಳ್ಳುಗಾಡಿಯಲ್ಲಿ ಮಂಡಕ್ಕಿ ಮಿರ್ಚಿ ಮಾರುವವನೂ ಉದ್ಯಮಿಯೇ. ಬೇಕಾದ ಗುಣಗಳು ಯಾವುವೆಂದು ಹುಡುಕುವವರು ಈ "ಗೊತ್ತಿಲ್ಲದ" ಎಂಬ ಪದದ ಸುತ್ತಲೇ ಹುಡುಕಬೇಕು.

ನಮ್ಮ ಊರಿನ ಹೆಸರನ್ನು ನಾಡಿನ ಮೂಲೆಮೂಲೆಗೆ ಒಯ್ದಿರುವ ಬೆಣ್ಣೆದೋಸೆಯನ್ನೇ ತೆಗೆದುಕೊಳ್ಳೋಣ. ಅದರ ಮೂಲದ ಬಗ್ಗೆ ಊರಿನಲ್ಲಿ ಪ್ರಚಲಿತವಾಗಿರುವ ವೃತ್ತಾಂತ ಹೀಗಿದೆ. 1928ರಲ್ಲಿ ಚೆನ್ನಮ್ಮ ಎಂಬ ಹೆಂಗಸು ಬೆಳಗಾವಿ ಜಿಲ್ಲೆಯಿಂದ ಮಕ್ಕಳನ್ನು ಕಟ್ಟಿಕೊಂಡು ದಾವಣಗೆರೆಗೆ ಬಂದಳು. ವಸಂತ ಟಾಕೀಸಿನ ಬಳಿ ಇದ್ದ ಸವಳಗಿ ನಾಟಕ ಥಿಯೇಟರಿನ ಹೊರಗೆ ಒಲೆ ಹೂಡಿ ರಾಗಿ ದೋಸೆ, ಚಟ್ನಿ, ಪಲ್ಯ ಮಾರತೊಡಗಿದಳು. ಮುಂದೆ ಅವಳ ಮಕ್ಕಳು ರಾಗಿಯನ್ನು ಬಿಟ್ಟು ಅಕ್ಕಿ, ಉದ್ದು, ಮಂಡಕ್ಕಿ ಸೇರಿಸಿ ಹಿಟ್ಟು ರುಬ್ಬಿ, ಬೆಣ್ಣೆ ಹಾಕಿ ಬೇಯಿಸುವ ಪದ್ಧತಿಯನ್ನು ತಂದರು. 1944ರಲ್ಲಿ ಶಾಂತಪ್ಪ, ಮಹಾದೇವಪ್ಪ ಎಂಬ ಇಬ್ಬರು ಮಕ್ಕಳು ತಮ್ಮ ತಮ್ಮ ಹೋಟೆಲುಗಳನ್ನು ತೆರೆದರು. ಈಗ ಬೆಂಗಳೂರಿನ ಬೀದಿಬೀದಿಯಲ್ಲಿ "ದಾವಣಗೆರೆ ಬೆಣ್ಣೆದೋಸೆ" ಎಂಬ ಫಲಕ ಕಾಣುತ್ತದೆ. (ಆ ದೋಸೆಗಳ ರುಚಿಯ ಬಗ್ಗೆ ದಾವಣಗೆರೆಯವರಾದ ನಾವು ಏನೂ ಹೇಳದಿರುವುದೇ ಸೌಜನ್ಯ.)

ಈ ವೃತ್ತಾಂತವನ್ನು ಹೇಳುವವರೆಲ್ಲ ಆ ತಾಯಿಯ ಧೈರ್ಯವನ್ನು ಕೊಂಡಾಡುತ್ತಾರೆ. ಧೈರ್ಯ ಇದ್ದಿತು, ನಿಜ. ಆದರೆ ನನಗೆ ಅದಕ್ಕಿಂತ ಸೋಜಿಗವಾಗಿ ಕಂಡದ್ದು ಬೇರೆ ಎರಡು ಸಂಗತಿಗಳು. ಮೊದಲನೆಯದು ಸ್ಥಳ. ನಾಟಕ ಕಂಪನಿ ಬೀಡುಬಿಟ್ಟ ಕಡೆ ರಾತ್ರಿಯ ಹೊತ್ತು ಜನ ಸೇರುತ್ತಾರೆ, ಆಟ ಬಿಟ್ಟಾಗ ಹಸಿದಿರುತ್ತಾರೆ, ಟಿಕೆಟ್ಟಿಗೆ ಕೊಟ್ಟು ಉಳಿದ ಪುಡಿಕಾಸು ಜೇಬಿನಲ್ಲಿರುತ್ತದೆ. ಗಿರಾಕಿಯನ್ನು ಹುಡುಕಿಕೊಂಡು ಹೋಗುವ ಖರ್ಚನ್ನು ನಾಟಕದವರೇ ವಹಿಸಿದಂತಾಯಿತು! ಎರಡನೆಯದು ಪ್ರಯೋಗದ ಅಳತೆ. ಒಂದು ಕಾವಲಿ, ಒಂದು ಒಲೆ, ಒಂದು ರಾತ್ರಿಯ ಹಿಟ್ಟು: ಜನ ಬರದಿದ್ದರೆ ಹೋಗುವುದು ಅಷ್ಟೇ, ಅಷ್ಟನ್ನು ತಡೆದುಕೊಳ್ಳಬಹುದು. ಮರುದಿನ ಹಿಟ್ಟನ್ನು ಕಡಿಮೆ ನೆನೆಸಬಹುದು, ಪಲ್ಯವನ್ನು ಬದಲಿಸಬಹುದು, ಒಲೆಯನ್ನು ಹತ್ತು ಮಾರು ಆಚೆಗೆ ಒಯ್ಯಬಹುದು. ರಾಗಿಯಿಂದ ಅಕ್ಕಿಗೆ, ಎಣ್ಣೆಯಿಂದ ಬೆಣ್ಣೆಗೆ ಹೋದದ್ದು ಒಂದೇ ಜಿಗಿತದಲ್ಲಲ್ಲ, ಹೀಗೆ ಕಾವಲಿಯ ಮುಂದೆ ನಿಂತು ತಿನ್ನುವವರ ಮುಖ ನೋಡುತ್ತ ಹೋದದ್ದು ಎಂದೇ ನನ್ನ ಊಹೆ. ಹಿಟ್ಟಿಗೆ ಮಂಡಕ್ಕಿ ಸೇರಿಸಿದುದೂ ಕಾಕತಾಳೀಯವಲ್ಲ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪು ಹಚ್ಚಿ, ಕಾದ ಮರಳಿನಲ್ಲಿ ಹುರಿದು ಅರಳಿಸುವ ಮಂಡಕ್ಕಿ ಭಟ್ಟಿಗಳು ನಮ್ಮ ಊರಿನ ಹಳೆಯ ಕಸುಬು. ಕೈಗೆಟುಕುವಲ್ಲಿ ಅಗ್ಗವಾಗಿ ಇದ್ದ ಪದಾರ್ಥವನ್ನು ಬೇರೊಂದರೊಡನೆ ಕೂಡಿಸಿ ಇಲ್ಲದ ವಸ್ತುವನ್ನು ಮಾಡುವುದು ಉದ್ಯಮಿಯ ಮುಖ್ಯ ಕೆಲಸವೆಂದು ಆಸ್ಟ್ರಿಯದ ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್ ವಾದಿಸಿದನು. ನಮ್ಮ ಅಧ್ಯಾಪಕರು ಅದನ್ನು ಉಗಿಬಂಡಿಯ ಉದಾಹರಣೆಯಿಂದ ವಿವರಿಸುತ್ತಾರೆ. ದೋಸೆಯಿಂದ ವಿವರಿಸಿದರೂ ತಪ್ಪಾಗಲಾರದು.

ಧೈರ್ಯವೇ ಮುಖ್ಯಗುಣವೆಂಬ ನಂಬಿಕೆಯನ್ನು ಪರೀಕ್ಷಿಸಿ ನೋಡಿದ ವಿದ್ವಾಂಸರೂ ಇದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮ್ಯಾಕ್ಲೆಲೆಂಡ್ ಒಂದು ಸರಳವಾದ ಆಟದ ಪ್ರಸ್ತಾಪ ಮಾಡುತ್ತಾನೆ. ನೆಲದಲ್ಲಿ ಗೂಟ ನೆಟ್ಟು, ದೂರದಿಂದ ಉಂಗುರ ಎಸೆದು ಗೂಟಕ್ಕೆ ತೊಡಿಸಬೇಕು. ಎಷ್ಟು ದೂರದಲ್ಲಿ ನಿಲ್ಲಬೇಕೆಂಬುದು ಎಸೆಯುವವನ ಇಷ್ಟ. ಕೆಲವರು ಗೂಟದ ಪಕ್ಕದಲ್ಲೇ ನಿಂತು ಹಾಕುತ್ತಾರೆ; ಅದರಲ್ಲಿ ಗೆದ್ದರೂ ಗೆದ್ದಂತಲ್ಲ. ಕೆಲವರು ಬಹು ದೂರ ಹೋಗಿ ಬೀಸಿ ಎಸೆಯುತ್ತಾರೆ. ಬಿದ್ದರೆ ಅದೃಷ್ಟ, ಬೀಳದಿದ್ದರೆ ಅಷ್ಟು ದೂರದಿಂದ ಯಾರಿಗೆ ತಾನೇ ಬೀಳುತ್ತದೆಂಬ ನೆಪ ಸಿದ್ಧವಾಗಿರುತ್ತದೆ. ಸಾಧಿಸಬೇಕೆಂಬ ಹಂಬಲ ಬಲವಾಗಿರುವವರು ನಡುವೆ ಒಂದು ಕಡೆ ನಿಲ್ಲುತ್ತಾರೆ. ಅಲ್ಲಿ ಗುರಿ ತಪ್ಪಬಹುದು. ಆದರೆ ತಪ್ಪಿದುದು ತನ್ನ ಕೈಯ ದೋಷವೇ, ಎಷ್ಟು ತಪ್ಪಿತು, ಮುಂದಿನ ಸಲ ಹೇಗೆ ತಿದ್ದಬೇಕು ಎಂಬುದು ತಿಳಿಯುತ್ತದೆ. ಇದೇ ಮ್ಯಾಕ್ಲೆಲೆಂಡ್ 1964ರಲ್ಲಿ ಹೈದರಾಬಾದಿನ ಸಣ್ಣ ಕೈಗಾರಿಕೆಗಳ ತರಬೇತಿ ಸಂಸ್ಥೆಯ ಜೊತೆಗೂಡಿ ಆಂಧ್ರದ ಕಾಕಿನಾಡದ ವ್ಯಾಪಾರಸ್ಥರಿಗೆ ಈ ಸ್ವಭಾವವನ್ನು ಕಲಿಸುವ ತರಗತಿಗಳನ್ನು ನಡೆಸಿದನು. ತರಬೇತಿ ಪಡೆದವರು ಮುಂದಿನ ವರ್ಷಗಳಲ್ಲಿ ಪಡೆಯದವರಿಗಿಂತ ಹೆಚ್ಚು ಚಟುವಟಿಕೆ ತೋರಿದರೆಂದು 1969ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿದೆ. ಹುಟ್ಟಿನಿಂದಲೇ ಬರಬೇಕಾದ ಗುಣವಾಗಿದ್ದರೆ ತರಗತಿಯಲ್ಲಿ ಕಲಿಸಲು ಹೇಗೆ ಸಾಧ್ಯವಾಗುತ್ತಿತ್ತು?

ಈಗ ತುಂಗಭದ್ರೆಯ ದಡಕ್ಕೆ, ಹರಿಹರಕ್ಕೆ ಬರೋಣ. 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇಥ್ ಯಂತ್ರಗಳು ದೇಶದ ಎಷ್ಟೋ ವರ್ಕ್‌ಶಾಪುಗಳಲ್ಲಿ ಇಂದಿಗೂ ತಿರುಗುತ್ತಿವೆ. ಅವುಗಳಲ್ಲೊಂದು ಮಾದರಿಗೆ "ಎಂಟರ್‌ಪ್ರೈಸ್" ಎಂದೇ ಹೆಸರಿತ್ತು, ಅಂದರೆ ಉದ್ಯಮ! ಕಾರ್ಖಾನೆ ಈಗ ಮುಚ್ಚಿಹೋಗಿದೆ. ಆದರೆ ಆ ಮನೆತನದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರರ ಚರಿತ್ರೆ ಕಲಾ ವಿಭಾಗದ ವಿದ್ಯಾರ್ಥಿಗಳಾದ ನಾವು ವಿಶೇಷವಾಗಿ ತಿಳಿಯತಕ್ಕದ್ದು. ಅವರೂ ಬೆಳಗಾವಿ ಜಿಲ್ಲೆಯವರೇ. 1869ರಲ್ಲಿ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಮುಂಬಯಿಗೆ ಹೋದದ್ದು ಎಂಜಿನಿಯರಿಂಗ್ ಕಲಿಯಲಿಕ್ಕಲ್ಲ, ಜೆ.ಜೆ. ಕಲಾಶಾಲೆಯಲ್ಲಿ ಚಿತ್ರ ಬರೆಯುವುದನ್ನು ಕಲಿಯಲಿಕ್ಕೆ. ಕೆಲವು ಬಣ್ಣಗಳ ಭೇದ ತಮ್ಮ ಕಣ್ಣಿಗೆ ತಿಳಿಯದೆಂಬುದು ಗೊತ್ತಾದಾಗ ಆ ದಾರಿ ಮುಚ್ಚಿತು. ಅವರು ಬಣ್ಣ ಬೇಕಿಲ್ಲದ ಚಿತ್ರಕ್ಕೆ, ಎಂದರೆ ಯಂತ್ರಗಳ ನಕ್ಷೆ ಬರೆಯುವ ವಿದ್ಯೆಗೆ ತಿರುಗಿ, ಮುಂಬಯಿಯ ವಿಕ್ಟೋರಿಯ ಜ್ಯೂಬಿಲಿ ತಾಂತ್ರಿಕ ಶಾಲೆಯಲ್ಲಿ ಅದನ್ನೇ ಪಾಠ ಹೇಳಿದರು. ಬೆಳಗಾವಿಯಲ್ಲಿ ಅಣ್ಣನ ಜೊತೆಗೂಡಿ 1888ರಲ್ಲಿ ಸೈಕಲ್ ಅಂಗಡಿ ತೆರೆದಿದ್ದರು; ಸೈಕಲ್ ಮಾರುವುದಲ್ಲದೆ 15 ರೂಪಾಯಿ ತೆಗೆದುಕೊಂಡು ಸವಾರಿಯನ್ನೂ ಕಲಿಸಿಕೊಡುತ್ತಿದ್ದರು. ಏರಲು ಬಾರದವನು ಸೈಕಲ್ ಕೊಳ್ಳುವುದಾದರೂ ಏಕೆ? ಹಾಗೆ ನೋಡಿದರೆ ಕಲಿಸುವುದು ಆ ವ್ಯಾಪಾರದ ಅರ್ಧಭಾಗ. ಸಂಬಳದ ಕೆಲಸದಲ್ಲಿ ತಮಗೆ ಬರಬೇಕಾದ ಬಡ್ತಿ ತಪ್ಪಿದ ಮೇಲೆ ಅದನ್ನು ಬಿಟ್ಟು ಬೆಳಗಾವಿಗೆ ಮರಳಿದರು.

ಮುಂದೆ ಅವರು ಮೇವು ಕತ್ತರಿಸುವ ಯಂತ್ರ, ಅದರ ತರುವಾಯ ಕಬ್ಬಿಣದ ನೇಗಿಲು ತಯಾರಿಸಿದರು. ನೇಗಿಲು ಚೆನ್ನಾಗಿಯೇ ಇತ್ತು, ಆದರೆ ಕೊಳ್ಳುವವರಿಲ್ಲ. ಕಬ್ಬಿಣ ತಾಗಿದರೆ ಭೂಮಿ ವಿಷವಾಗುತ್ತದೆ ಎಂಬುದು ಆಗಿನ ರೈತರ ಶಂಕೆ. ನಮ್ಮಂಥವರಾಗಿದ್ದರೆ ರೈತರು ಅಜ್ಞಾನಿಗಳೆಂದು ಒಂದು ಭಾಷಣ ಮಾಡಿ ಸುಮ್ಮನಾಗುತ್ತಿದ್ದೆವೇನೋ. ಅವರು ತಾಳ್ಮೆಯಿಂದ ಕಾದರು. ಹೊಲದಲ್ಲಿ ಉತ್ತು ತೋರಿಸುವುದೇ ಈ ಸರಕಿಗೆ ತಕ್ಕ ಜಾಹೀರಾತು ಎಂಬುದನ್ನು ಕಂಡುಕೊಂಡರು. ಮೊದಲ ಕೆಲವು ನೇಗಿಲುಗಳು ಮಾರಾಟವಾಗುವಷ್ಟರಲ್ಲಿ ಸುಮಾರು ಎರಡು ವರ್ಷಗಳೇ ಹಿಡಿದವೆನ್ನುತ್ತಾರೆ. ಬೆಳಗಾವಿಯಲ್ಲಿ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ಅರಸರು ನೆಲ ಕೊಟ್ಟರು. 1910ರಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ಅಲ್ಲಿಂದ ಮೂವತ್ತೊಂದು ವರ್ಷಕ್ಕೆ ಹರಿಹರದ ಕಾರ್ಖಾನೆ.

ಚೆನ್ನಮ್ಮನಿಗೂ ಲಕ್ಷ್ಮಣರಾಯರಿಗೂ ವಿದ್ಯೆಯಲ್ಲಿ, ಬಂಡವಾಳದಲ್ಲಿ, ಕಸುಬಿನಲ್ಲಿ ಯಾವ ಹೋಲಿಕೆಯೂ ಇಲ್ಲ. ಆದರೂ ಇಬ್ಬರಲ್ಲಿ ಒಂದು ಗುಣ ಸಮಾನವಾಗಿ ಕಾಣುತ್ತದೆ. ಗೊತ್ತಿಲ್ಲದುದನ್ನು ಒಮ್ಮೆಗೇ ತಲೆಯ ಮೇಲೆ ಹೊತ್ತುಕೊಳ್ಳದೆ ತುಂಡುತುಂಡಾಗಿ ಮಾಡಿ, ಒಂದೊಂದು ತುಂಡನ್ನು ತಾವು ತಡೆಯಬಲ್ಲಷ್ಟು ನಷ್ಟದಲ್ಲಿ ಗೊತ್ತುಮಾಡಿಕೊಳ್ಳುತ್ತ ಹೋದರು. ಪ್ರತಿ ಸಲವೂ ಉತ್ತರ ಕೇಳಿದ್ದು ಗಿರಾಕಿಯನ್ನೇ. ಇದಕ್ಕೆ ಎದೆಗಾರಿಕೆಗಿಂತ ಹೆಚ್ಚಾಗಿ ಬೇಕಾದುದು ಕಿವಿ. ಅವರೇನು ಹೇಳುತ್ತಾರೆ, ಹೇಳದೆ ಏನನ್ನು ಬಿಡುತ್ತಾರೆ ಎಂದು ಇತರರ ಮಾತನ್ನು ಗಮನವಿಟ್ಟು ಕೇಳುವ ಅಭ್ಯಾಸ ಸಾಹಿತ್ಯ, ಸಮಾಜಶಾಸ್ತ್ರಗಳನ್ನು ಓದುವವರಿಗೆ ಇರಬೇಕಾದದ್ದೇ. ಇದರಲ್ಲಿ ನಾವು ವಾಣಿಜ್ಯ ವಿಭಾಗದ ಮಿತ್ರರಿಗಿಂತ ಹಿಂದುಳಿದವರಲ್ಲ.

ಹಿಂದುಳಿದಿರುವುದು ಲೆಕ್ಕದಲ್ಲಿ. ಇದನ್ನು ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ, ಏಕೆಂದರೆ ಗುಣಗಳ ವಿಷಯವಾಗಿ ಬರೆಯುವವರು ಪ್ರಾಯಶಃ ಈ ಭಾಗವನ್ನು ಹಾರಿಸಿಬಿಡುತ್ತಾರೆ. ನಾನು ಬಾಡಿಗೆಗೆ ಇರುವುದು ಎಂ.ಸಿ.ಸಿ. ಬಡಾವಣೆಯಲ್ಲಿ. ಹಾಸ್ಟೆಲು, ಟ್ಯೂಷನ್ನು, ದವಾಖಾನೆಗಳ ಈ ಭಾಗದಲ್ಲಿ ಹೊರಊರಿನ ವಿದ್ಯಾರ್ಥಿಗಳು ಹೆಚ್ಚು. ಆದಕಾರಣ ಊಟ ಮಾಡಿ ಹಾಕುವವರಿಗೂ ಕೆಲಸ ಹೆಚ್ಚು. ನಮ್ಮ ಓಣಿಯಲ್ಲಿ ಒಬ್ಬ ಅಕ್ಕ ಜೋಳದ ರೊಟ್ಟಿ ಬಡಿದು ಮೂರು ನಾಲ್ಕು ಕಡೆಗೆ ಕೊಡುತ್ತಾರೆ. ಅವರ ಅಡಿಗೆಮನೆಯ ಗೂಡಿನಲ್ಲಿ ಎರಡು ಡಬ್ಬಿಗಳಿವೆ. ಒಂದು ಮನೆಯದು, ಒಂದು ಹಿಟ್ಟಿನದು. ರೊಟ್ಟಿಯ ಹಣ ಮೊದಲು ಹಿಟ್ಟಿನ ಡಬ್ಬಿಗೆ ಬೀಳಬೇಕು. ನಾಳೆಯ ಜೋಳ, ಗ್ಯಾಸು, ಸ್ತ್ರೀಶಕ್ತಿ ಸಂಘದ ಕಂತು ಎಲ್ಲ ಅದರಿಂದ ಹೋಗಬೇಕು. ವಾರದ ಕೊನೆಗೆ ಉಳಿದರೆ ಮಾತ್ರ ಮನೆಯ ಡಬ್ಬಿಗೆ.

"ಅಕ್ಕಾ, ದುಡ್ಡು ಎರಡೂ ನಿಮ್ಮದೇ ಅಲ್ವಾ?" ಎಂದು ಒಮ್ಮೆ ಕೇಳಿದೆ.

"ಇದು ನಂದಲ್ಲ ತಮ್ಮಾ, ಒಲಿದು. ಒಲಿ ದುಡ್ಡು ತಿಂದ್ರ ಒಲಿ ಆರ್ತೈತಿ" ಎಂದರು.

ದುಡಿಯುವ ಬಂಡವಾಳವೆಂದು ನಮ್ಮ ಪಠ್ಯಪುಸ್ತಕ ಎರಡು ಪುಟ ಬರೆದಿರುವುದು ಇದನ್ನೇ.

ಲಾಭವೆಂದರೆ ಏನೆಂಬುದನ್ನೂ ನೋಡೋಣ. ಅಂಕಿಗಳು ತಿಳಿವಳಿಕೆಗಾಗಿ ನಾನೇ ಇಟ್ಟುಕೊಂಡವು. 1 ಕಿಲೋ ಜೋಳದ ಹಿಟ್ಟಿಗೆ 60 ರೂಪಾಯಿ, ಅದರಿಂದ 20 ರೊಟ್ಟಿ, ರೊಟ್ಟಿಗೆ 8 ರೂಪಾಯಿ ಎಂದುಕೊಳ್ಳಿ. ಬರುವುದು 160. ಹಿಟ್ಟಿಗೆ 60, ಗ್ಯಾಸಿಗೆ 15 ಕಳೆದರೆ 85 ಉಳಿಯುತ್ತದೆ. ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಜನ ಇದನ್ನೇ ಲಾಭವೆಂದು ಕರೆಯುತ್ತೇವೆ. ಆದರೆ ಅಷ್ಟು ರೊಟ್ಟಿ ಬಡಿಯಲು ಹಿಡಿಯುವ ಒಂದು ಗಂಟೆಯನ್ನು ಇನ್ನೊಬ್ಬರ ಅಡಿಗೆಮನೆಯಲ್ಲಿ ಕಳೆದಿದ್ದರೆ 50 ರೂಪಾಯಿ ಕೂಲಿ ಸಿಗುತ್ತಿತ್ತು. ಅದು ಅವರ ದುಡಿಮೆಯ ಬೆಲೆ, ಉದ್ಯಮದ ಲಾಭವಲ್ಲ. ಉಳಿದದ್ದು 35. ಎರಡು ರೊಟ್ಟಿ ಮುರಿದೋ ಮಾರದೆಯೋ ಉಳಿದರೆ 16 ಹೋಗಿ 19. ನಾಲ್ಕು ಉಳಿದರೆ ಬರೀ 3. ಐದನೆಯ ರೊಟ್ಟಿಗೆ ನಷ್ಟ. ಕ್ಯಾಂಟಿಲನ್ ಹೇಳಿದ "ಗೊತ್ತಿಲ್ಲದ" ಎಂಬುದು ಎಲ್ಲಿ ಕೂತಿದೆಯೆಂಬುದು ಈಗ ಸ್ಪಷ್ಟವಾಯಿತು: ಇಪ್ಪತ್ತರಲ್ಲಿ ಆ ಐದು ರೊಟ್ಟಿಗಳ ಮೇಲೆ. ಉದ್ರಿಯ ಬಾಕಿಯೂ ಮಾರದೆ ಉಳಿದ ರೊಟ್ಟಿಯ ಲೆಕ್ಕಕ್ಕೇ ಸೇರಿದ್ದು. ವಸೂಲಾಗುವ ತನಕ ಅದು ಕಾಗದದ ಮೇಲಿನ ದುಡ್ಡು.

ಅದೇ ಅಕ್ಕನಿಗೆ ಒಮ್ಮೆ ಮದುವೆಯ ಮನೆಯವರು 2,000 ರೊಟ್ಟಿ ಕೇಳಿದರು. ಅವರು ಒಪ್ಪಿದ್ದು 300ಕ್ಕೆ ಮಾತ್ರ. ಮುಂದಿನ ಲಗ್ನದ ತಿಂಗಳಲ್ಲಿ ಇನ್ನಿಬ್ಬರನ್ನು ಕೂಡಿಸಿಕೊಂಡು 800 ಮಾಡಿದರು. ಉಂಗುರ ಎಸೆಯುವ ಆಟದಲ್ಲಿ ಅವರು ಎಲ್ಲಿ ನಿಲ್ಲುತ್ತಿದ್ದರೆಂಬುದನ್ನು ಹೇಳಬೇಕಾಗಿಲ್ಲ.

ಇಷ್ಟು ಹೇಳಿ ಮುಗಿಸಿದರೆ ನಮ್ಮ ಊರಿನ ಅರ್ಧ ಕಥೆಯನ್ನು ಮುಚ್ಚಿಟ್ಟಂತೆ ಆಗುತ್ತದೆ. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಿದ್ದ ಕಾಲವೊಂದಿತ್ತು. ದಾವಣಗೆರೆ ಕಾಟನ್ ಮಿಲ್, ಶಂಕರ್ ಮಿಲ್, ಚಂದ್ರೋದಯ ಮಿಲ್, ತೋಳಹುಣಸೆಯ ಯಲ್ಲಮ್ಮ ಮಿಲ್ ಮುಂತಾದವುಗಳ ಕೂಗಿಗೆ ಜನ ಗಡಿಯಾರ ತಿದ್ದಿಕೊಳ್ಳುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ಇವುಗಳನ್ನು ಕಟ್ಟಿದವರಿಗೆ ಧೈರ್ಯ, ಬಂಡವಾಳ, ವ್ಯವಹಾರಜ್ಞಾನ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೂ ಒಂದೊಂದಾಗಿ ನಿಂತವು. ದೇಶದ ಇತರ ಕಡೆಗಳಲ್ಲಿ ಆದಂತೆ ಇಲ್ಲಿಯೂ ಹಳೆಯ ಯಂತ್ರಗಳು, ಪವರ್‌ಲೂಮಿನ ಮತ್ತು ಕೃತಕ ನೂಲಿನ ಪೈಪೋಟಿ, ಹತ್ತಿಯ ಬೆಲೆಯ ಏರಿಳಿತ ಎಲ್ಲ ಸೇರಿಕೊಂಡವು. ನಷ್ಟದಲ್ಲಿದ್ದ ಗಿರಣಿಗಳನ್ನು 1974ರ ರಾಷ್ಟ್ರೀಕರಣದ ಕಾಯಿದೆಯ ಮೇರೆಗೆ ಸರ್ಕಾರ ವಹಿಸಿಕೊಂಡಾಗ ಯಲ್ಲಮ್ಮ ಮಿಲ್ಲೂ ಅದರಲ್ಲಿ ಸೇರಿತ್ತು, ಅದೂ ಉಳಿಯಲಿಲ್ಲ. ಅದೇ ತೋಳಹುಣಸೆಯಲ್ಲಿ ಈಗ, 2009ರಿಂದ, ನಮ್ಮ ವಿಶ್ವವಿದ್ಯಾನಿಲಯವಿದೆ. ಸುತ್ತಣ ಹೊಲಗಳಲ್ಲಿ ಹತ್ತಿಯ ಜಾಗಕ್ಕೆ ಬಹುಮಟ್ಟಿಗೆ ಮೆಕ್ಕೆಜೋಳ ಬಂದಿದೆ.

ನನ್ನ ಅಜ್ಜ ಇಂಥ ಒಂದು ಗಿರಣಿಯಲ್ಲಿ ನೂಲಿನ ಖಾತೆಯಲ್ಲಿದ್ದವರು. ಗಿರಣಿ ನಿಂತ ಮೇಲೆ ಬರಬೇಕಾದ ಬಾಕಿ ಬಹುಕಾಲ ಬರಲಿಲ್ಲ. ಜೊತೆಗಾರನೊಡನೆ ಸೇರಿ ಸಣ್ಣ ಕಿರಾಣಿ ಅಂಗಡಿ ಇಟ್ಟರು. ಉದ್ರಿ ಕೇಳಲು ಬಂದವರೆಲ್ಲ ಅವರಂತೆಯೇ ಕೆಲಸ ಕಳೆದುಕೊಂಡ ಗೆಳೆಯರು. ಇಲ್ಲವೆನ್ನಲು ಬಾಯಿ ಬರಲಿಲ್ಲ. ಒಂದು ವರ್ಷದಲ್ಲಿ ಅಂಗಡಿಯ ಬಾಗಿಲು ಹಾಕಿದರು. ಈ ಲೇಖನ ಬರೆಯುವ ಮುನ್ನ ಅವರೊಡನೆ ಮಾತನಾಡಿದೆ.

"ಅಜ್ಜಾ, ಇಪ್ಪತ್ತು ವರ್ಷ ನೂಲು ತೆಗೆದವರು ನೂಲಿಂದೇ ಏನಾದ್ರೂ ಮಾಡಬಹುದಿತ್ತಲ್ಲ?"

"ಕೆಲ್ಸ ಗೊತ್ತಿತ್ತಪ್ಪಾ, ಗಿರಾಕಿ ಗೊತ್ತಿರ್ಲಿಲ್ಲ. ನೂಲು ಯಾವೂರಿಗ್ ಹೋಕ್ಕೈತಿ, ಯಾರ್ ತಗಂತಾರ ಅಂತ ನಮಗ್ಯಾರ್ ಹೇಳಿದ್ರು?"

ನಮ್ಮ ಮನೆಯಲ್ಲಿ ಸರ್ಕಾರಿ ನೌಕರಿಗೆ ಇರುವ ಬೆಲೆ ಈ ಅನುಭವದಿಂದ ಬಂದದ್ದು; ಅದನ್ನು ಹೇಡಿತನವೆಂದು ಕರೆಯಲು ನಾನು ಸಿದ್ಧನಿಲ್ಲ. ಆದರೆ ಅಜ್ಜನ ಮಾತಿನಲ್ಲಿ ನಮಗೆ ಎಚ್ಚರಿಕೆಯೂ ಇದೆ. ಕುಶಲತೆ ಬೇರೆ, ಉದ್ಯಮ ಬೇರೆ. ಯಂತ್ರದ ಮುಂದೆ ನಿಂತವನಿಗೆ ಗಿರಾಕಿಯ ಮುಖ ಕಾಣದಂತೆ ಕೆಲಸವನ್ನು ಹಂಚಿದಾಗ, ಎಂಥ ಕುಶಲಿಯಾದರೂ ಗಿರಣಿ ನಿಂತ ದಿನ ಬರಿಗೈ ಆಗುತ್ತಾನೆ. ಅಜ್ಜನಿಗೆ ಇಲ್ಲದೆ ಹೋದದ್ದು ಧೈರ್ಯವಲ್ಲ. ಅಂಗಡಿ ಇಟ್ಟದ್ದೇ ಧೈರ್ಯ. ಇಲ್ಲದೆ ಹೋದದ್ದು ಎರಡು ಡಬ್ಬಿಗಳು, ಮತ್ತು ಸ್ನೇಹವನ್ನು ಕೆಡಿಸದೆ "ಉದ್ರಿ ಇಲ್ಲ" ಎನ್ನುವ ಮಾತಿನ ಚಾತುರ್ಯ. ಈ ಎರಡನ್ನೂ ಅವರಿಗೆ ಯಾರೂ ಕಲಿಸಿರಲಿಲ್ಲ.

ಈಗ ಕಲಿಸುವವರು ಇದ್ದಾರೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಸಂಸ್ಥೆಯೂ ಸಿಂಡಿಕೇಟ್, ಕೆನರಾ ಬ್ಯಾಂಕುಗಳೂ ಸೇರಿ ರುಡ್‌ಸೆಟ್ ಎಂಬ ತರಬೇತಿ ಕೇಂದ್ರವನ್ನು ಆರಂಭಿಸಿದವು. ನಿರುದ್ಯೋಗಿ ತರುಣರಿಗೆ ಊಟ ವಸತಿ ಸಹಿತ ಉಚಿತವಾಗಿ ಕಸುಬನ್ನೂ, ಅದರ ಜೊತೆಗೆ ಲೆಕ್ಕ ಇಡುವುದು, ಮಾರುಕಟ್ಟೆ ವಿಚಾರಿಸುವುದು, ಬ್ಯಾಂಕಿನಲ್ಲಿ ಮಾತನಾಡುವುದು ಇವುಗಳನ್ನೂ ಹೇಳಿಕೊಡುವುದು ಅದರ ಕ್ರಮ. ಆ ಮಾದರಿಯನ್ನೇ ಅನುಸರಿಸಿ ದೇಶದ ಜಿಲ್ಲೆಜಿಲ್ಲೆಗಳಲ್ಲಿ ಬ್ಯಾಂಕುಗಳು ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳನ್ನು ನಡೆಸುತ್ತಿವೆ. ಸಾಲದ ವಿಷಯದಲ್ಲಿಯೂ ಅಜ್ಜನ ಕಾಲದಷ್ಟು ಕಷ್ಟವಿಲ್ಲ. 2015ರಲ್ಲಿ ಬಂದ ಮುದ್ರಾ ಯೋಜನೆಯ "ಶಿಶು" ವಿಭಾಗದಲ್ಲಿ ಆಧಾರ ಅಡಮಾನವಿಲ್ಲದೆ 50,000 ರೂಪಾಯಿಯವರೆಗೆ ಸಾಲವುಂಟು. ಆದರೆ ಸಾಲ ಸುಲಭವಾಯಿತೆಂದು ಮೊದಲು ಸಾಲ ಮಾಡಿ ಆಮೇಲೆ ಗಿರಾಕಿಯನ್ನು ಹುಡುಕುವುದು ಗೂಟದಿಂದ ಬಹು ದೂರ ನಿಂತು ಉಂಗುರ ಎಸೆದಂತೆಯೇ. ನಮ್ಮ ಸಹಪಾಠಿಗಳಲ್ಲಿ ಯಾರಿಗಾದರೂ ಮನಸ್ಸಿದ್ದರೆ ಮೊದಲು ಒಂದು ಸಣ್ಣ ಸರಕನ್ನು ಹತ್ತು ಜನ ಅಪರಿಚಿತರಿಗೆ ನಗದಿಗೆ ಮಾರಿ ನೋಡಲಿ. ಗೆಳೆಯರು ಕೊಂಡರೆ ಅದು ಲೆಕ್ಕಕ್ಕಿಲ್ಲ. ಅವರು ದಾಕ್ಷಿಣ್ಯಕ್ಕೆ ಕೊಳ್ಳುತ್ತಾರೆ. ಆ ಹತ್ತರಲ್ಲಿ ಇಬ್ಬರು ತಾವಾಗಿಯೇ ಎರಡನೆಯ ಸಲ ಬಂದರೆ ಆಗ ಬ್ಯಾಂಕಿನ ಮೆಟ್ಟಿಲು ಹತ್ತಲಿ.

ನೋಂದಣಿಯ ವಿಷಯ ಒಂದು ಮಾತು. ಸಣ್ಣ ಉದ್ಯಮಗಳ ನೋಂದಣಿಗಾಗಿ ಕೇಂದ್ರ ಸರ್ಕಾರ 2020ರ ಜುಲೈ 1ರಿಂದ ನಡೆಸುತ್ತಿರುವ ವ್ಯವಸ್ಥೆಗೆ "ಉದ್ಯಮ್" ಎಂದೇ ಹೆಸರು. ಆಧಾರ್, ಪ್ಯಾನ್ ಸಂಖ್ಯೆಗಳಿದ್ದರೆ ಮನೆಯಲ್ಲಿ ಕೂತು ಮಾಡಿಕೊಳ್ಳಬಹುದು; ಅದಕ್ಕೆ ಶುಲ್ಕವಿಲ್ಲ. ಮಾಡಿಸಿಕೊಡುತ್ತೇವೆಂದು ದುಡ್ಡು ಕೇಳುವವರು ಸಿಕ್ಕರೆ, ಅವರೂ ಗೊತ್ತಿರುವ ಬೆಲೆಗೆ ಕೊಂಡು ಗೊತ್ತಿಲ್ಲದ ಬೆಲೆಗೆ ಮಾರಲು ಹೊರಟವರೆಂದು ತಿಳಿದು ನಮಸ್ಕಾರ ಹೇಳಿ ಮುಂದೆ ಹೋಗಬಹುದು.